ಹೆಸರಿಗೂ ಮುಂಚೆ ನಂಬರು

2004ರ ಆಗಸ್ಟ್‌ನ ಒಂದು ಶನಿವಾರ ಮಧ್ಯಾಹ್ನ. ನಾನು ಆಗ ಬೆಂಗಳೂರಿನ ಹೊರಗಿದ್ದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡ್ಕೋತಾ ಇದ್ದೆ. ಮನೆಗೆ ಹೊರಡೋಣ ಅಂತ ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದೆ, ಅಷ್ಟರಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಬಾಗಿಲಲ್ಲಿ ನಿಂತು, "ಸೋಮವಾರದಿಂದ ಮೂರನೇ ಸೆಮ್‌ಗೆ ಯುನಿಕ್ಸ್ ಲ್ಯಾಬ್ ಶುರು ಕಣ್ರೀ. ಇನ್ನೂರ ನಲವತ್ತು ಜನಕ್ಕೂ ಲಾಗಿನ್ ಮಾಡಿಟ್ಟು ಹೋಗಿ," ಅಂದರು.

ಒಬ್ಬರಿಗೆ ಎರಡು ನಿಮಿಷ ಅಂದುಕೊಂಡರೂ ಎಂಟು ಗಂಟೆ ಕೆಲಸ. ನಾನೇನು ಅಷ್ಟು ಹೊತ್ತು ಕೂರೋನಲ್ಲ. ಆಫೀಸಿನಿಂದ ವಿದ್ಯಾರ್ಥಿಗಳ ಪಟ್ಟಿ ಎಕ್ಸೆಲ್‌ನಲ್ಲಿ ತರಿಸಿಕೊಂಡೆ. ಒಂಬತ್ತು ಸಾಲಿನ ಒಂದು ಸ್ಕ್ರಿಪ್ಟ್ ಬರೆದೆ: ಪಟ್ಟಿಯ ಒಂದೊಂದೇ ಸಾಲು ಓದು, ಅಕೌಂಟ್ ಮಾಡು, ಪಾಸ್‌ವರ್ಡ್ ಹಾಕು, ಮುಂದಿನ ಸಾಲಿಗೆ ಹೋಗು. ವಿಟಿಯು ಓದಿದವರಿಗೆ ಯುಎಸ್ಎನ್ ಅಂದರೆ ಏನು ಅಂತ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳ್ತೀನಿ: ವಲಯದ ಅಂಕಿ, ಕಾಲೇಜಿನ ಎರಡಕ್ಷರ, ಸೇರಿದ ವರ್ಷ, ಬ್ರಾಂಚು, ಕೊನೆಗೆ ಮೂರಂಕಿಯ ರೋಲ್ ನಂಬರು, ಒಟ್ಟು ಹತ್ತು ಅಕ್ಷರ. ಹಳೇ ಯುನಿಕ್ಸ್ ಕಾಲದಿಂದ ಬಂದ ಅಭ್ಯಾಸ, ಲಾಗಿನ್ ಹೆಸರು ಎಂಟಕ್ಷರ ದಾಟಬಾರದು. ಹಾಗಾಗಿ ಮುಂದಿನ ಮೂರಕ್ಷರ ಕತ್ತರಿಸಿ ಉಳಿದದ್ದನ್ನು ಲಾಗಿನ್ ಮಾಡಿದೆ, ಪೂರ್ತಿ ಯುಎಸ್ಎನ್ ಅನ್ನೇ ಪಾಸ್‌ವರ್ಡ್ ಮಾಡಿದೆ. ನಲವತ್ತು ಸೆಕೆಂಡಿನಲ್ಲಿ 240 ಅಕೌಂಟು ಸಿದ್ಧ. ಬಸ್ಸಿನಲ್ಲಿ ಕೂತು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಒಬ್ಬರಿಗೂ ಲಾಗಿನ್ ಆಗಲಿಲ್ಲ. ಪಟ್ಟಿಯನ್ನು ವಿಂಡೋಸ್‌ನಲ್ಲಿ ಸೇವ್ ಮಾಡಿದ್ದರು. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಇನ್ನೊಂದು ಅಕ್ಷರ ಸೇರಿಸತ್ತೆ. ಯುನಿಕ್ಸ್ ಸೇರಿಸಲ್ಲ. ಪಾಸ್‌ವರ್ಡ್ ಇದ್ದದ್ದೇ ಸಾಲಿನ ಕೊನೆಯ ಕಾಲಂನಲ್ಲಿ. ಅಂದರೆ 240 ಜನರ ಪಾಸ್‌ವರ್ಡ್‌ಗೂ ಬಾಲ ಹತ್ತಿಕೊಂಡಿತ್ತು, ಆ ಬಾಲವನ್ನು ಕೀಬೋರ್ಡಿನಲ್ಲಿ ಟೈಪ್ ಮಾಡೋಕೂ ಆಗಲ್ಲ. ಕಂಡುಹಿಡಿದು ಸರಿಮಾಡೋ ಹೊತ್ತಿಗೆ ಹನ್ನೊಂದೂವರೆ.

ಅದಾದರೂ ನಗುವ ತಪ್ಪು. ನಿಜವಾದ ತಪ್ಪು ಮೂರು ವಾರ ಬಿಟ್ಟು ಗೊತ್ತಾಯ್ತು. ಒಬ್ಬ ಹುಡುಗಿ ಬಂದು, "ಸಾರ್, ನನ್ನ ಹೋಂ ಡೈರೆಕ್ಟರಿ ಖಾಲಿ ಇದೆ," ಅಂದಳು. ರೆಕಾರ್ಡ್‌ಗೆ ಬರೆದಿಟ್ಟಿದ್ದ ಪ್ರೋಗ್ರಾಂ ಎಲ್ಲಾ ಹೋಗಿತ್ತು. ಅಳಿಸಿದವರು ಅವಳೇ, ಯಂತ್ರದ ಲೆಕ್ಕದಲ್ಲಿ. ಅವಳ ಲಾಗಿನ್, ಅವಳ ಪಾಸ್‌ವರ್ಡ್. ಆದರೆ ಅವಳ ಯುಎಸ್ಎನ್ ಹಾಜರಿ ಪುಸ್ತಕದಲ್ಲಿತ್ತು, ಇಂಟರ್ನಲ್ಸ್ ಅಂಕಗಳ ನೋಟೀಸಿನಲ್ಲಿತ್ತು, ಇಡೀ ಕ್ಲಾಸಿಗೆ ಬಾಯಿಪಾಠ. ಬೀಗವನ್ನೂ ಕೀಲಿಕೈಯನ್ನೂ ಒಟ್ಟಿಗೇ ಬಾಗಿಲಿಗೆ ನೇತುಹಾಕಿದ್ದು ನಾನು. ಪಾಸ್‌ವರ್ಡ್ ಯಾಕೆ ಬದಲಾಯಿಸಲಿಲ್ಲ ಅಂತ ಅವಳನ್ನೇ ಬೈದೆ. ಈಗಲೂ ನೆನೆಸಿಕೊಂಡರೆ ನಾಚಿಕೆ ಆಗತ್ತೆ.

ಒಬ್ಬನಿಗೆ ಅಕೌಂಟ್ ಮಾಡೋದು ಒಂದು ಕೆಲಸ, ಸಾವಿರ ಜನಕ್ಕೆ ಮಾಡೋದು ಅದೇ ಕೆಲಸವನ್ನು ಸಾವಿರ ಸಲ ಮಾಡೋದು ಅಂತ ನಾನು ತಿಳಿದಿದ್ದೆ. ಅದು ಹಾಗಲ್ಲ ಅಂತ ಯುನಿಕ್ಸ್ ಲೋಕಕ್ಕೂ ತಿಳಿಯೋಕೆ ಹದಿನೈದು ವರ್ಷವೇ ಹಿಡಿಯಿತು. ಆ ಕಥೆ ಹೇಳ್ತೀನಿ.

ಯುನಿಕ್ಸ್‌ಗೂ ಮುಂಚಿನದೊಂದು ಮಾತು. ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯ ಮೊದಮೊದಲ ಮಾದರಿ ಅಮೆರಿಕದ ಎಂಐಟಿಯಲ್ಲಿ 1961ರಲ್ಲಿ ಫರ್ನಾಂಡೊ ಕೊರ್ಬಾಟೊ ತಂಡ ತೋರಿಸಿದ ಸಿಟಿಎಸ್ಎಸ್. ಅಲ್ಲಿ ಬಳಕೆದಾರ ಅಂದರೆ ಎರಡು ನಂಬರು, ಒಂದು ಕೆಲಸದ್ದು, ಇನ್ನೊಂದು ಪ್ರೋಗ್ರಾಮರ್‌ದು. ಜೊತೆಗೆ ಪಾಸ್‌ವರ್ಡ್. ಯಾರು ಎಷ್ಟು ಹೊತ್ತು ಯಂತ್ರ ಬಳಸಿದರು ಅನ್ನೋ ಲೆಕ್ಕ ಇಡೋಕೆ ಅದೆಲ್ಲ ಬೇಕಿತ್ತು. 1962ರಲ್ಲೇ ಆಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ ತನಗೆ ಕೊಟ್ಟ ಸಮಯ ಸಾಲದು ಅಂತ ಇಡೀ ಪಾಸ್‌ವರ್ಡ್ ಫೈಲನ್ನೇ ಪ್ರಿಂಟ್ ತೆಗೆಸಿಕೊಂಡುಬಿಟ್ಟ. ನಾಲ್ಕು ವರ್ಷ ಬಿಟ್ಟು ಇನ್ನೂ ದೊಡ್ಡ ಎಡವಟ್ಟು: ಎಡಿಟರ್ ಪ್ರೋಗ್ರಾಮಿನ ತಾತ್ಕಾಲಿಕ ಫೈಲುಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ದಿನದ ಸೂಚನೆ ಕಾಣಿಸಬೇಕಾದ ಕಡೆ ಎಲ್ಲರ ಪಾಸ್‌ವರ್ಡ್ ಪಟ್ಟಿ ಕಾಣಿಸತೊಡಗಿತು. ಎಲ್ಲರ ಗುಟ್ಟನ್ನೂ ಒಂದೇ ಪಟ್ಟಿಯಲ್ಲಿ ಬರೆದಿಟ್ಟರೆ ಏನಾಗತ್ತೆ ಅಂತ ಆಗಲೇ ಗೊತ್ತಾಗಿತ್ತು.

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಯುನಿಕ್ಸ್ ಕಟ್ಟೋಕೆ ಶುರು ಮಾಡಿದಾಗ ಬಳಕೆದಾರರು ಅಂದರೆ ಪಕ್ಕದ ಕೋಣೆಯವರು. 1971ರ ನವೆಂಬರಿನ ಮೊದಲ ಕೈಪಿಡಿಯಲ್ಲೇ ಪಾಸ್‌ವರ್ಡ್ ಫೈಲು ಇದೆ: ಒಬ್ಬ ಮನುಷ್ಯನಿಗೆ ಒಂದು ಸಾಲು, ಸಾಲಿನಲ್ಲಿ ಕೋಲನ್ ಚಿಹ್ನೆಯಿಂದ ಬೇರೆ ಮಾಡಿದ ಖಾನೆಗಳು. ಹೊಸಬ ಬಂದರೆ ಆ ಫೈಲು ತೆರೆದು ಒಂದು ಸಾಲು ಬರೆದರಾಯ್ತು. ಇವತ್ತು ನೀವು ಲಿನಕ್ಸ್ ಯಂತ್ರದಲ್ಲಿ ಅದೇ ಫೈಲು ತೆರೆದರೂ ಹೆಚ್ಚುಕಡಿಮೆ ಅದೇ ರೂಪ ಕಾಣತ್ತೆ. ಐವತ್ತು ವರ್ಷ ದಾಟಿದ ಕಡತ! ಆಮೇಲೆ ಸೇರಿಕೊಂಡ ಒಂದು ಖಾನೆಯ ಹೆಸರು ಈಗಲೂ 'ಜೀಕಾಸ್' ಅಂತಲೇ. ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಮಂದಿ ಪ್ರಿಂಟಿಂಗ್‌ಗೆ ಅಲ್ಲಿದ್ದ ಬೇರೊಂದು ದೊಡ್ಡ ಯಂತ್ರಕ್ಕೆ ಕೆಲಸ ಕಳಿಸುತ್ತಿದ್ದರು. ಜೀಕಾಸ್ ಅನ್ನೋದು ಆ ಯಂತ್ರದ ಆಪರೇಟಿಂಗ್ ಸಿಸ್ಟಮ್. ಅದಕ್ಕೆ ಬೇಕಾದ ಗುರುತನ್ನು ಬರೆದಿಡೋ ಜಾಗ ಅದು. ಆ ಯಂತ್ರ ಎಂದೋ ಹೋಯ್ತು. ಖಾನೆ ಮಾತ್ರ ಉಳಿದು, ಈಗ ಅದರಲ್ಲಿ ನಮ್ಮ ನಿಮ್ಮ ಪೂರ್ತಿ ಹೆಸರು ಕೂತಿದೆ.

ಆ ಸಾಲಿನಲ್ಲಿ ಮುಖ್ಯವಾದದ್ದು ಹೆಸರಲ್ಲ, ಮೂರನೇ ಖಾನೆಯ ನಂಬರು. ಯುನಿಕ್ಸ್‌ಗೆ ನಿಮ್ಮ ಹೆಸರು ಬೇಕಿಲ್ಲ. ಒಂದು ಫೈಲು ಯಾರದು ಅಂತ ಡಿಸ್ಕಿನ ಮೇಲೆ ಬರೆದಿಡುವಾಗ ಅದು ಬರೆಯೋದು ಬರೀ ನಂಬರು. ತೋರಿಸೋ ಹೊತ್ತಿಗೆ ಪಾಸ್‌ವರ್ಡ್ ಫೈಲು ನೋಡಿ, ಓಹೋ ಈ ನಂಬರಿನವರು ಇಂಥವರು ಅಂತ ಹೆಸರು ತಂದು ಅಂಟಿಸತ್ತೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗತ್ತೆ.

1975ರಲ್ಲಿ ಬಂದ ಆರನೇ ಆವೃತ್ತಿಯಲ್ಲಿ ಈ ನಂಬರಿಗೆ ಮೀಸಲಿಟ್ಟದ್ದು ಒಂದೇ ಬೈಟ್. ಅಂದರೆ 256 ನಂಬರು, ಮುಗೀತು. ಲ್ಯಾಬಿನ ಮಂದಿಗೆ ಅದು ಧಾರಾಳ. ಆದರೆ ವಿಶ್ವವಿದ್ಯಾಲಯಗಳಿಗೆ ಹರಡಿದ್ದು ಇದೇ ಆರನೇ ಆವೃತ್ತಿ. ನಮ್ಮ ಕಾಲೇಜಿನ ಒಂದು ಸೆಮಿಸ್ಟರನ್ನು ಅದರೊಳಗೆ ಕೂರಿಸಿದ್ದರೆ ಮೇಷ್ಟ್ರುಗಳಿಗೆ ಹದಿನಾರು ಸೀಟೂ ಉಳಿಯುತ್ತಿರಲಿಲ್ಲ. 1979ರ ಏಳನೇ ಆವೃತ್ತಿಯಲ್ಲಿ ಎರಡು ಬೈಟ್ ಕೊಟ್ಟು ಜಾಗ ದೊಡ್ಡದು ಮಾಡಿದರು.

ಅದೇ 1979ರ ನವೆಂಬರಿನಲ್ಲಿ ರಾಬರ್ಟ್ ಮಾರಿಸ್ ಮತ್ತು ಥಾಂಪ್ಸನ್ ಪಾಸ್‌ವರ್ಡ್ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ನಾಲ್ಕೇ ಪುಟ, ಒಂದು ಪತ್ತೇದಾರಿ ಕಥೆಗಿಂತ ಚೆನ್ನಾಗಿದೆ. ಜನ ತಾವೇ ಆಯ್ಕೆ ಮಾಡಿಕೊಂಡ 3,289 ಪಾಸ್‌ವರ್ಡ್ ಕಲೆಹಾಕಿ ನೋಡಿದರು. 15 ಜನರದ್ದು ಒಂದೇ ಅಕ್ಷರ, 72 ಜನರದ್ದು ಎರಡು, 464 ಜನರದ್ದು ಮೂರು. ಇಂಥ ಗಿಡ್ಡ ಪದಗಳು, ನಿಘಂಟಿನ ಪದಗಳು ಎಲ್ಲಾ ಸೇರಿಸಿದರೆ 2,831, ಅಂದರೆ ನೂರಕ್ಕೆ 86 ಪಾಸ್‌ವರ್ಡ್ ಸುಲಭವಾಗಿ ಸಿಕ್ಕಿಬೀಳುವಂಥವು.

ಜನಕ್ಕೆ ಬಿಟ್ಟರೆ ಹೀಗೆ ಅನ್ನೋದಾದರೆ ಯಂತ್ರವೇ ಎಲ್ಲರಿಗೂ ಒಂದೊಂದು ಪಾಸ್‌ವರ್ಡ್ ಮಾಡಿ ಹಂಚಲಿ ಅಂತ ಯಾರಿಗಾದರೂ ಅನ್ನಿಸತ್ತೆ. ಅದನ್ನೂ ಒಂದು ಕಡೆ ಮಾಡಿದ್ದರು, ಲೇಖನದಲ್ಲಿ ಅದರ ಕಥೆಯೂ ಇದೆ. ಅಕ್ಷರ, ಅಂಕಿ ಬೆರೆಸಿದ ಎಂಟಕ್ಷರದ ಪಾಸ್‌ವರ್ಡ್. ಎಲ್ಲಾ ಸಾಧ್ಯತೆಗಳನ್ನೂ ಹುಡುಕಬೇಕು ಅಂದರೆ ಅಂದಿನ ಯಂತ್ರಕ್ಕೆ 112 ವರ್ಷ. ಆದರೆ ಅವನ್ನು ಉತ್ಪಾದಿಸುತ್ತಿದ್ದ ಪ್ರೋಗ್ರಾಮಿಗೆ ಶುರು ಮಾಡೋಕೆ ಇದ್ದ ಸಂಖ್ಯೆಗಳೇ 32,768. ಅಂದರೆ ಅದು ಜನ್ಮದಲ್ಲಿ ಹೊರಡಿಸಬಲ್ಲ ಪಾಸ್‌ವರ್ಡ್‌ಗಳೂ ಅಷ್ಟೇ. ಗೊತ್ತಿದ್ದವನೊಬ್ಬ ಅಷ್ಟನ್ನೂ ಸುಮಾರು ಒಂದು ನಿಮಿಷದಲ್ಲಿ ಹುಡುಕಿ ಮುಗಿಸಿದ. ನೋಡೋಕೆ ನೂರು ವರ್ಷದ ಬೀಗ, ಒಳಗೆ ಒಂದು ನಿಮಿಷದ್ದು. ನನ್ನ ಯುಎಸ್ಎನ್ ಬೀಗ ಇದಕ್ಕಿಂತ ಪ್ರಾಮಾಣಿಕ ಅನ್ನಬೇಕು, ನೋಡಿದ ತಕ್ಷಣವೇ ಮುರಿದದ್ದು ಅಂತ ಗೊತ್ತಾಗತ್ತೆ!

ಇಷ್ಟೆಲ್ಲಾ ತಲೆಕೆಡಿಸಿಕೊಂಡವರು ಅಕೌಂಟ್ ಮಾಡುವ ಕೆಲಸವನ್ನು ಮಾತ್ರ ಕೈಕೆಲಸವಾಗಿಯೇ ಉಳಿಸಿಕೊಂಡಿದ್ದರು. ಎಂಬತ್ತರ ದಶಕದ ಬರ್ಕ್ಲಿ ಯುನಿಕ್ಸ್‌ನ ಕೈಪಿಡಿಯಲ್ಲಿ 'ಆ್ಯಡ್‌ಯೂಸರ್' ಅಂತ ಒಂದು ಪುಟವಿತ್ತು. ತೆರೆದರೆ ಅಂಥ ಹೆಸರಿನ ಪ್ರೋಗ್ರಾಂ ಇಲ್ಲ! ಮನುಷ್ಯನೇ ಮಾಡಬೇಕಾದ ಕೆಲಸಗಳ ವಿವರ ಅದು. ಹೆಸರು ಬೇರೆಯವರದ್ದಾಗಿರಬಾರದು, ಫೈಲಿನಲ್ಲಿ ಸಾಲು ಸೇರಿಸಿ, ಡೈರೆಕ್ಟರಿ ಮಾಡಿ, ಅದನ್ನು ಅವರ ಹೆಸರಿಗೆ ಬರೆದುಕೊಡಿ, ಹೀಗೆ. ಇಬ್ಬರು ಅಡ್ಮಿನ್‌ಗಳು ಒಂದೇ ಹೊತ್ತಿಗೆ ಫೈಲು ತೆರೆದು ಒಬ್ಬರ ತಿದ್ದುಪಡಿಯನ್ನು ಇನ್ನೊಬ್ಬರು ಅಳಿಸದಿರಲಿ ಅಂತ ಬೀಗ ಹಾಕಿಕೊಂಡು ತೆರೆಯುವ ಒಂದು ಎಡಿಟರ್ ಕೊಟ್ಟಿದ್ದರು, ಅದಷ್ಟೇ ಅನುಕೂಲ. ನನಗೆ ಆ ಪುಟ ಇಷ್ಟ. ಹೊಸಬರು ಒಬ್ಬೊಬ್ಬರಾಗಿ ಬರ್ತಾರೆ, ಅಡ್ಮಿನ್ ಅವರನ್ನು ಕೂರಿಸಿ ಯಾವ ಹೆಸರು ಬೇಕು ಅಂತ ಕೇಳ್ತಾನೆ ಅನ್ನೋ ಒಂದು ಲೋಕ ಅದರಲ್ಲಿದೆ.

ಆ ಲೋಕ ಮುಗಿದದ್ದು ಮತ್ತೆ ಎಂಐಟಿಯಲ್ಲಿ. 1983ರ ಮೇ ತಿಂಗಳಲ್ಲಿ ಡಿಇಸಿ ಮತ್ತು ಐಬಿಎಂ ಕಂಪನಿಗಳ ನೆರವಿನಿಂದ ಪ್ರಾಜೆಕ್ಟ್ ಅಥೀನಾ ಘೋಷಣೆಯಾಯಿತು. ಕಂಪ್ಯೂಟರ್ ಓದುವವರಿಗೆ ಮಾತ್ರವಲ್ಲ, ಕ್ಯಾಂಪಸ್ಸಿನ ಪ್ರತಿ ವಿದ್ಯಾರ್ಥಿಯ ಪಾಠಕ್ಕೂ ಕಂಪ್ಯೂಟರ್ ಅನ್ನೋದು ಉದ್ದೇಶ. ಮೊದಮೊದಲು ವ್ಯಾಕ್ಸ್ 11/750 ಯಂತ್ರಗಳನ್ನು ಹಲವರು ಹಂಚಿಕೊಳ್ಳುತ್ತಿದ್ದರು. ಆಮೇಲೆ ಯಾರು ಯಾವ ವರ್ಕ್‌ಸ್ಟೇಷನ್ ಮುಂದೆ ಕೂತರೂ ಅದು ಅವರದೇ ಅನ್ನಿಸಬೇಕು ಅಂತ ಯೋಜನೆ ಬದಲಾಯ್ತು. ಎಕ್ಸ್ ವಿಂಡೋ, ಕರ್ಬೆರೋಸ್ ಎಲ್ಲಾ ಅಲ್ಲಿಯ ಕೂಸುಗಳೇ. ನೂರಾರು ವರ್ಕ್‌ಸ್ಟೇಷನ್, ಸಾವಿರಾರು ಜನ. ಪ್ರತಿ ಯಂತ್ರದಲ್ಲೂ ಪ್ರತಿಯೊಬ್ಬರಿಗೂ ಒಂದೊಂದು ಸಾಲು ಬರೆಯೋದು ಆಗದ ಹೋಗದ ಮಾತು.

ಅದರ ಮೇಲೆ, ಪ್ರತಿ ವರ್ಷ ಶೈಕ್ಷಣಿಕ ವರ್ಷದ ಶುರುವಿನಲ್ಲಿ ಸುಮಾರು ಸಾವಿರ ಹೊಸ ಮಕ್ಕಳು ಒಟ್ಟಿಗೇ ಬಂದು ನಿಲ್ತಾರೆ. ಅಕೌಂಟ್ ಕೊಡುವ ಸಿಬ್ಬಂದಿ ಬೆರಳೆಣಿಕೆ. ನಮ್ಮ ಶಾಲೆ ಶುರುವಾಗೋ ಸಮಯದ ಜಾತಿ ಪ್ರಮಾಣಪತ್ರದ ಕ್ಯೂ ನೆನೆಸಿಕೊಳ್ಳಿ.

ಅವರು ಕಂಡುಕೊಂಡ ದಾರಿ 1988ರ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಮಾರ್ಕ್ ರೋಸೆನ್‌ಸ್ಟೈನ್, ಡೇನಿಯಲ್ ಗೀರ್, ಪೀಟರ್ ಲಿವೈನ್ ಮಂಡಿಸಿದ ಪ್ರಬಂಧದಲ್ಲಿದೆ. ವ್ಯವಸ್ಥೆಗೆ ಮೊದಲಿದ್ದ ಹೆಸರು ಎಸ್ಎಂಎಸ್, ಆಮೇಲೆ ಮೊಯಿರಾ. ಅಥೀನಾದಲ್ಲಿ ಹಲವಕ್ಕೆ ಗ್ರೀಕ್ ಪುರಾಣದ ಹೆಸರೇ. ಕರ್ಬೆರೋಸ್ ಪಾತಾಳದ ಬಾಗಿಲು ಕಾಯೋ ನಾಯಿ, ಮೊಯಿರಾ ಅಂದರೆ ವಿಧಿ, ಒಬ್ಬೊಬ್ಬರ ಪಾಲನ್ನು ಅಳೆದು ಕೊಡುವವಳು. ನಮ್ಮಲ್ಲಾದರೆ ಹಣೆಬರಹ ಬರೆಯೋ ಬ್ರಹ್ಮ. ಹೆಸರು ಎಷ್ಟು ಸರಿಯಾಗಿದೆ ಅಂತ ಮುಂದೆ ನೋಡಿ.

ಕಾಲೇಜು ಶುರುವಾಗೋ ಸ್ವಲ್ಪ ಮುಂಚೆ ರಿಜಿಸ್ಟ್ರಾರ್ ಕಚೇರಿಯಿಂದ ವಿದ್ಯಾರ್ಥಿಗಳ ಪಟ್ಟಿ ಬರ್ತಿತ್ತು. ಇಲ್ಲಿವರೆಗೆ ನನ್ನ ಶನಿವಾರದ ಕಥೆಯೇ. ಆದರೆ ಪಟ್ಟಿ ಇಟ್ಟುಕೊಂಡು ಅವರು ಅಕೌಂಟ್ ಮಾಡ್ತಿರಲಿಲ್ಲ. ಹೊಸ ಹೆಸರುಗಳನ್ನು ಡೇಟಾಬೇಸಿಗೆ ಸೇರಿಸಿ ಪ್ರತಿಯೊಬ್ಬರಿಗೂ ಒಂದು ನಂಬರು ಮಾತ್ರ ಕೊಡ್ತಿದ್ದರು. ಲಾಗಿನ್ ಹೆಸರಿಲ್ಲ, ಪಾಸ್‌ವರ್ಡ್ ಇಲ್ಲ, ಡಿಸ್ಕಿನಲ್ಲಿ ಜಾಗವೂ ಇಲ್ಲ. ಕರ್ಬೆರೋಸ್‌ಗೆ ಅವರ ಸುದ್ದಿಯೇ ಇಲ್ಲ. ಆ ಹುಡುಗನೋ ಹುಡುಗಿಯೋ ಇನ್ನೂ ಊರಲ್ಲಿ ಬ್ಯಾಗು ತುಂಬಿಕೊಳ್ತಿರೋವಾಗ ಯಂತ್ರದಲ್ಲಿ ಅವರದೊಂದು ನಂಬರು ಕಾಯ್ತಾ ಕೂತಿರ್ತಿತ್ತು.

ನಂಬರಿನ ಜೊತೆ ಇನ್ನೊಂದನ್ನು ಇಡ್ತಿದ್ದರು: ವಿದ್ಯಾರ್ಥಿಯ ಗುರುತಿನ ಸಂಖ್ಯೆ. ಇದ್ದ ಹಾಗೇ ಅಲ್ಲ. ಕೊನೆಯ ಏಳು ಅಕ್ಷರ ತಗೊಂಡು, ಹೆಸರಿನ ಮೊದಲಕ್ಷರ ಮತ್ತು ಮನೆತನದ ಹೆಸರಿನ ಮೊದಲಕ್ಷರಗಳನ್ನು ಒಗ್ಗರಣೆಯ ಹಾಗೆ ಸೇರಿಸಿ, ಪಾಸ್‌ವರ್ಡ್ ಮುಚ್ಚಿಡುವ ಮಾಮೂಲಿ ಯುನಿಕ್ಸ್ ವಿಧಾನದಿಂದಲೇ ಕಲಸಿಟ್ಟಿರುತ್ತಿದ್ದರು. ಕಲಸಿದ್ದನ್ನು ನೋಡಿ ಮೂಲ ಸಂಖ್ಯೆ ಹೇಳೋಕಾಗಲ್ಲ, ಮೂಲ ಸಂಖ್ಯೆ ಕೊಟ್ಟರೆ ಸರಿಯೋ ತಪ್ಪೋ ಅಂತ ನೋಡಬಹುದು. ಏಳೂ ಅಂಕಿಯೇ ಆದರೆ ಇರೋದು ಒಂದು ಕೋಟಿ ಸಾಧ್ಯತೆ, ಇವತ್ತಿನ ಫೋನಿಗೆ ಅದೊಂದು ಕೆಲಸವೇ ಅಲ್ಲ. ಆ ಕಾಲಕ್ಕೆ ನಡೀತಿತ್ತು.

ವಿದ್ಯಾರ್ಥಿ ಬಂದು ಯಾವುದಾದರೂ ಖಾಲಿ ವರ್ಕ್‌ಸ್ಟೇಷನ್ ಮುಂದೆ ಕೂತು 'ರಿಜಿಸ್ಟರ್' ಅನ್ನೋ ಹೆಸರಿನಿಂದ, 'ಅಥೀನಾ' ಅನ್ನೋ ಪಾಸ್‌ವರ್ಡ್‌ನಿಂದ ಲಾಗಿನ್ ಆಗಬೇಕು. ಇದು ಎಲ್ಲರಿಗೂ ಗೊತ್ತು, ಗೊತ್ತಿರಬೇಕಾದದ್ದೇ. ಆ ಲಾಗಿನ್‌ನಿಂದ ಒಂದು ಅರ್ಜಿ ಫಾರಂ ಬಿಟ್ಟು ಬೇರೇನೂ ತೆರೆಯಲ್ಲ. ಹೆಸರು, ಮಧ್ಯದ ಇನಿಷಿಯಲ್, ಮನೆತನದ ಹೆಸರು, ಗುರುತಿನ ಸಂಖ್ಯೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಅಥವಾ ಈಗಾಗಲೇ ಆಗಿದ್ದರೆ 'ಸಿಬ್ಬಂದಿಯನ್ನು ಕಾಣಿ'. ಇದ್ದರೆ, ನಿಮಗೆ ಯಾವ ಲಾಗಿನ್ ಹೆಸರು ಬೇಕು ಅಂತ ಕೇಳತ್ತೆ. ಹೇಳಿದ ಹೆಸರು ಖಾಲಿ ಇದೆಯೇ ಅಂತ ತಿಳಿಯೋಕೆ ಒಂದು ಮಜಾ ಉಪಾಯ: ಆ ಹೆಸರಿನವರ ಟಿಕೆಟ್ ಕೊಡು ಅಂತ ಕರ್ಬೆರೋಸ್‌ನ ಕೇಳೋದು. ಅಂಥವರು ಯಾರೂ ಇಲ್ಲ ಅಂದರೆ ಹೆಸರು ನಿಮ್ಮದು. ಆಮೇಲೆ ಯಾವ ಫೈಲ್ ಸರ್ವರ್ ಮೇಲೆ ಹೊರೆ ಕಡಿಮೆ ಇದೆಯೋ ಅದರಲ್ಲಿ ಹೋಂ ಡೈರೆಕ್ಟರಿಗೆ ಜಾಗ, ಇಂತಿಷ್ಟು ಡಿಸ್ಕು ಅಂತ ಮಿತಿ, ಅಂಚೆಗೆ ಒಂದು ಪೆಟ್ಟಿಗೆ. ಕೊನೆಗೆ ಪಾಸ್‌ವರ್ಡ್, ಅದೂ ನಿಮ್ಮದೇ ಆಯ್ಕೆ. ಈ ಮಾಹಿತಿಯೆಲ್ಲ ಡೇಟಾಬೇಸಿನಿಂದ ಬೇರೆ ಬೇರೆ ಸರ್ವರ್‌ಗಳಿಗೆ ಆಯಾ ಸರ್ವರಿಗೆ ಬೇಕಾದ ರೂಪದಲ್ಲಿ ಹೋಗಿ ಸೇರೋಕೆ ಕೆಲವು ಗಂಟೆ. ಆಮೇಲೆ ಯಾವ ಯಂತ್ರದ ಮುಂದೆ ಕೂತರೂ ಅದು ನಿಮ್ಮದು. ಆ ಯಂತ್ರಕ್ಕೆ ನಿಮ್ಮ ವಿವರ ಮೊದಲೇ ಗೊತ್ತಿರಲ್ಲ, ನೀವು ಕೂತಾಗ ಕೇಳಿ ತಿಳ್ಕೊಳ್ಳತ್ತೆ.

ನಾನು ಈ ಪ್ರಬಂಧ ಓದಿದ್ದು 2005ರಲ್ಲಿ, ಯಾವುದನ್ನೋ ಹುಡುಕ್ತಾ ಸಿಕ್ಕಿದ್ದು. ಓದಿ ಮುಗಿಸಿ ಸುಮ್ಮನೆ ಕೂತಿದ್ದೆ. ನನ್ನ ಒಂಬತ್ತು ಸಾಲಿನ ಸ್ಕ್ರಿಪ್ಟು ಆ ಹುಡುಗಿಯ ಪರವಾಗಿ ಮೂರು ಕೆಲಸ ಮಾಡಿತ್ತು: ನಂಬರು ಕೊಟ್ಟಿತ್ತು, ಹೆಸರಿಟ್ಟಿತ್ತು, ಗುಟ್ಟನ್ನೂ ತಾನೇ ತೀರ್ಮಾನಿಸಿತ್ತು. ಮೊದಲನೆಯದನ್ನು ಮಾಡಲೇಬೇಕು, ಪಟ್ಟಿ ಇಲ್ಲದೆ ಸಂಸ್ಥೆ ನಡೆಯಲ್ಲ. ಉಳಿದೆರಡು ನನ್ನ ಕೆಲಸವೇ ಅಲ್ಲ. ಸಾವಿರ ಗುಟ್ಟುಗಳನ್ನು ಒಬ್ಬ ಹಂಚಿದರೆ ಅವು ಗುಟ್ಟಾಗಿ ಉಳಿಯೋದಾದರೂ ಹೇಗೆ? ಅಥೀನಾದವರು ಆಟೋಮೇಷನ್ ಅಂದರೆ ಎಲ್ಲವನ್ನೂ ಯಂತ್ರ ಮಾಡಿಬಿಡೋದು ಅಂತ ತಿಳಿಯಲಿಲ್ಲ, ಅರ್ಧಕ್ಕೆ ನಿಲ್ಲಿಸಿ ಮನುಷ್ಯನಿಗಾಗಿ ಕಾದರು. ಸಿಬ್ಬಂದಿಯ ಕೆಲಸ ಉಳಿಯಿತು ಅನ್ನೋದು ಅವರ ಲೆಕ್ಕ. ಪ್ರಬಂಧದಲ್ಲಿ ಸ್ವಾತಂತ್ರ್ಯ ಗೀತಂತ್ರ್ಯದ ಮಾತೇನೂ ಇಲ್ಲ.

ಅವರ ದಾರಿಯಲ್ಲೂ ಕಲ್ಲಿದ್ದವು. ಲಾಗಿನ್ ಹೆಸರು ಒಮ್ಮೆ ಆರಿಸಿಕೊಂಡರೆ ಅದೇ ಕಾಯಂ. ಹದಿನೆಂಟನೇ ವಯಸ್ಸಿನಲ್ಲಿ ತಮಾಷೆಗೆ ಇಟ್ಟುಕೊಂಡ ಅಡ್ಡಹೆಸರಿನ ಮೇಲ್‌ನಿಂದಲೇ ಮುಂದೆ ಪ್ರೊಫೆಸರ್‌ಗೆ ಶಿಫಾರಸು ಪತ್ರ ಕೇಳಬೇಕು. ಇನ್ನು ಹೆಸರು, ಮನೆತನದ ಹೆಸರು ಅನ್ನೋ ಫಾರಂ ಮುಂದೆ ನಮ್ಮ ಕಡೆಯವರನ್ನು ಕೂರಿಸಿ ನೋಡಿ. ನಮ್ಮಲ್ಲಿ ಅರ್ಧ ಜನಕ್ಕೆ ಊರು, ಅಪ್ಪ ಸೇರಿದ ಎರಡು ಇನಿಷಿಯಲ್ಲೇ ಮನೆತನ. ಪಾಸ್‌ಪೋರ್ಟಿನಲ್ಲಿ ಒಂದು ಥರ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಥರ. ಆಫೀಸಿಗೆ ಸೇರಿದ ದಿನ ನಿಮ್ಮಪ್ಪನ ಹೆಸರೇ ನಿಮ್ಮ ಲಾಗಿನ್ ಆಗಿ ಕೂತಿದ್ದ ಅನುಭವ ಓದುಗರಲ್ಲಿ ಕೆಲವರಿಗಾದರೂ ಆಗಿರತ್ತೆ. ಅದು ಆಗೋದು ಹೀಗೆ: ಎಚ್ಆರ್ ಪಟ್ಟಿಯ ಎರಡು ಖಾನೆ ನೋಡಿ ಯಾರೋ ನನ್ನಂಥವನು ಬರೆದ ಸ್ಕ್ರಿಪ್ಟು ಹೆಸರಿಟ್ಟಿರತ್ತೆ.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. ಲಿನಕ್ಸ್‌ನಲ್ಲಿ 'ಯೂಸರ್‌ಆ್ಯಡ್' ಬಂತು, ಇಡೀ ಪಟ್ಟಿಯನ್ನೇ ಒಂದೇ ತುತ್ತಿಗೆ ನುಂಗುವ 'ನ್ಯೂಯೂಸರ್ಸ್' ಬಂತು. ಕಲಸಿಟ್ಟ ಪಾಸ್‌ವರ್ಡ್‌ಗಳನ್ನು ಎಲ್ಲರೂ ಓದಬಹುದಾದ ಫೈಲಿನಿಂದ ತೆಗೆದು ಬೇರೆ ಫೈಲಿನಲ್ಲಿ ಬಚ್ಚಿಟ್ಟರು. ಕರ್ಬೆರೋಸನ್ನು ಮೈಕ್ರೋಸಾಫ್ಟ್ ವಿಂಡೋಸ್ 2000ದಿಂದ ತನ್ನ ಆ್ಯಕ್ಟಿವ್ ಡೈರೆಕ್ಟರಿಯೊಳಗೆ ತಗೊಂಡಿತು. ಹಾಗಾಗಿ ಔಟರ್ ರಿಂಗ್ ರೋಡಿನ ಆಫೀಸಿನಲ್ಲಿ ಬೆಳಿಗ್ಗೆ ವಿಂಡೋಸ್ ಲ್ಯಾಪ್‌ಟಾಪಿನಿಂದ ಕಂಪನಿಯ ನೆಟ್‌ವರ್ಕಿಗೆ ಲಾಗಿನ್ ಆಗುವವರಲ್ಲಿ ಎಷ್ಟೋ ಮಂದಿ ಅಥೀನಾದ ಆ ನಾಯಿಯನ್ನು ದಾಟಿಯೇ ಒಳಗೆ ಹೋಗ್ತಾರೆ. ಈಗ ಎಚ್ಆರ್ ತಂತ್ರಾಂಶದಲ್ಲಿ ನಿಮ್ಮ ಹೆಸರು ಸೇರಿದರೆ ಇಪ್ಪತ್ತು ಕಡೆ ಅಕೌಂಟು ತಾನಾಗಿ ಹುಟ್ಟತ್ತೆ.

ಹುಟ್ಟೋದು ಸುಲಭವಾಯ್ತು, ಸಾಯೋದು ಆಗಲಿಲ್ಲ. ನಂಬರಿನ ಮಾತು ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅದು ಇಲ್ಲಿಗೆ ಬೇಕು. 2006ರ ಜುಲೈನಲ್ಲಿ ನಾನು ಹೊರಟುಹೋದ ಕೊನೆಯ ವರ್ಷದವರ ಅಕೌಂಟನ್ನೆಲ್ಲ ಇನ್ನೊಂದು ಸ್ಕ್ರಿಪ್ಟಿನಿಂದ ಅಳಿಸಿದೆ. ಹೋಂ ಡೈರೆಕ್ಟರಿಯನ್ನೂ ಅಳಿಸು ಅಂತ ಹೇಳಿದ್ದೆ, ಅಳಿಸಿತು. ಆದರೆ ಪ್ರಾಜೆಕ್ಟ್ ಕೆಲಸಕ್ಕೆ ಅಂತ ಬೇರೆ ಡಿಸ್ಕಿನಲ್ಲಿ ಜಾಗ ಕೊಟ್ಟಿದ್ದೆ, ಅದನ್ನು ಮರೆತೆ. ಅಲ್ಲಿಯ ಫೈಲುಗಳ ಮೇಲೆ ಒಡೆಯರ ನಂಬರು ಹಾಗೇ ಉಳಿಯಿತು, ಹೆಸರು ಮಾತ್ರ ಹೋಯ್ತು. ಎರಡು ವಾರ ಬಿಟ್ಟು ಹೊಸ ಬ್ಯಾಚಿಗೆ ಅಕೌಂಟ್ ಮಾಡಿದೆ. ಇರುವುದರಲ್ಲೇ ದೊಡ್ಡ ನಂಬರು ಯಾವುದೋ ಅದರ ಮುಂದಿನದನ್ನು ಕೊಡೋದು ಯೂಸರ್‌ಆ್ಯಡ್‌ನ ಪದ್ಧತಿ. ಅಳಿಸಿದವರ ಅಕೌಂಟುಗಳನ್ನು ಒಮ್ಮೆ ಸರ್ವರ್ ಬದಲಾಯಿಸುವಾಗ ಎಲ್ಲರಿಗಿಂತ ಕೊನೆಗೆ ಮಾಡಿದ್ದೆ. ಅಂದರೆ ದೊಡ್ಡ ನಂಬರುಗಳೆಲ್ಲ ಅವರವೇ. ಅವೆಲ್ಲ ಖಾಲಿಯಾಗಿ, ಸಾಲಾಗಿ ಹೊಸಬರಿಗೆ ಹೋದವು.

ಒಬ್ಬ ಹುಡುಗ ಬಂದ. "ಸಾರ್, ಇದರಲ್ಲಿ ನನ್ನ ಹೆಸರಿನಲ್ಲಿ ಒಂದು ಆಸ್ಪತ್ರೆ ಸಾಫ್ಟ್‌ವೇರ್ ಇದೆ. ನಾನು ಬರೆದಿದ್ದಲ್ಲ." ಹೋಗಿ ನೋಡಿದರೆ ಹಿಂದಿನ ವರ್ಷದವರೊಬ್ಬರ ಪೂರ್ತಿ ಫೈನಲ್ ಇಯರ್ ಪ್ರಾಜೆಕ್ಟು, ವರದಿ ಸಮೇತ. ಓದಬಹುದು, ತಿದ್ದಬಹುದು, ತನ್ನದು ಅಂತ ತೋರಿಸಲೂಬಹುದು. ಅವನು ಬಂದು ಹೇಳಿದ. ಇನ್ನೆಷ್ಟು ಜನ ಹೇಳಲಿಲ್ಲವೋ.

ಆ ಆಗಸ್ಟಿನಲ್ಲಿ ಲ್ಯಾಬಿನ ಸರ್ವರ್‌ನಲ್ಲಿ ನಾನೂ ಒಂದು 'ರಿಜಿಸ್ಟರ್' ಲಾಗಿನ್ ಮಾಡಿದೆ. ಒಮ್ಮೆ ಕೊಟ್ಟ ನಂಬರು ಮತ್ತೆ ಯಾರಿಗೂ ಕೊಡಬಾರದು ಅಂತ ಒಂದು ಫೈಲಿನಲ್ಲಿ ಬರೆದಿಡೋಕೆ ಶುರು ಮಾಡಿದೆ. ಹುಡುಗರು ಬಂದು ಯುಎಸ್ಎನ್ ಹಾಕಿ ತಮ್ಮ ಗುರುತು ತೋರಿಸಬೇಕಿತ್ತು. ಯಾವ ಗುರುತು? ಜನ್ಮದಿನ ಇಡೋಣ ಅಂದರೆ ಕ್ಲಾಸಿನವರೆಲ್ಲ ಕೇಕ್ ಕತ್ತರಿಸಿದವರೇ. ಬಹಳ ಯೋಚಿಸಿ ಫೀಸು ಕಟ್ಟಿದ ರಸೀದಿಯ ನಂಬರು ಇಟ್ಟೆ. ಅದನ್ನು ಯಾರೂ ಯಾರಿಗೂ ತೋರಿಸಿರಲ್ಲ. ಮೊದಲ ದಿನ 31 ಜನಕ್ಕೆ ಆಗಲಿಲ್ಲ, ಅವರಿನ್ನೂ ಫೀಸು ಕಟ್ಟಿರಲಿಲ್ಲ. 'ಸಿಬ್ಬಂದಿಯನ್ನು ಕಾಣಿ' ಅಂತ ಪರದೆ ಹೇಳಿತು, ಅವರು ನನ್ನ ಮೇಜಿನ ಮುಂದೆ ಸಾಲಾಗಿ ನಿಂತರು. ಒಬ್ಬೊಬ್ಬರನ್ನೇ ಕೂರಿಸಿ, ಐಡಿ ಕಾರ್ಡು ನೋಡಿ, ಯಾವ ಹೆಸರು ಬೇಕಪ್ಪಾ ಅಂತ ಕೇಳಿದೆ.